ಹಗುರಣ್ಣನ ಸಿನಿಮಾ ಮತ್ತು ನನ್ನ ನಿದ್ದೆ

ನಮ್ಮ ಮನೆಯಲ್ಲಿ ಒಂದು ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ನನ್ನ ನಿದ್ದೆ ನೋಡಿ ತೀರ್ಮಾನಿಸುತ್ತಿದ್ದರು. ಇದನ್ನು ಶುರು ಮಾಡಿದವರು ಅಳಿಯಂದಿರು. ಅವರದು ಸಿನಿಮಾ ಕತ್ತರಿಸುವ ಕೆಲಸ. ಸಂಕಲನ ಅನ್ನಬೇಕಂತೆ. ನಾನು ಕತ್ತರಿ ಕೆಲಸ ಎಂದರೆ ಮಗಳಿಗೆ ನಗು. ಗಂಡ ಕ್ಷೌರದ ಅಂಗಡಿ ಇಟ್ಟಿರುವ ಹಾಗೆ ಕೇಳಿಸುತ್ತದಂತೆ.

ಮಹಡಿಯ ಮೇಲಿನ ಕೋಣೆ ಅವರದು. ಕಿಟಕಿಗೆ ಕಪ್ಪು ಪರದೆ, ಮೇಜಿನ ಮೇಲೆ ಎರಡು ಕಂಪ್ಯೂಟರು, ಗೋಡೆಗೆ ದೊಡ್ಡ ಟಿವಿ, ಮೂಲೆಗೊಂದು ಮೊಣಕಾಲೆತ್ತರದ ಸ್ಪೀಕರು. ಹಿಂದುಗಡೆ ಒಂದು ಹಳೆಯ ಸೋಫಾ. ಪಕ್ಕದ ಬೀದಿಯ ಹಲ್ಲಿನ ಡಾಕ್ಟರು ಹೊಸದು ತಂದಾಗ ಹೊರಗಿಟ್ಟಿದ್ದನ್ನು ಅಳಿಯಂದಿರು ಕೇಳಿ ತಂದಿದ್ದರು. ಅದರ ಮೇಲೆ ಎಷ್ಟು ಜನ ಹಲ್ಲುನೋವಿನಲ್ಲಿ ಕಾದಿದ್ದರೋ ಏನೋ, ಕೂತರೆ ಒಳಗಿನ ಸ್ಪ್ರಿಂಗು ಇನ್ನೂ ನರಳುತ್ತದೆ. ಮಗಳು ಅದಕ್ಕೆ ನ್ಯಾಯಪೀಠ ಎಂದು ಹೆಸರಿಟ್ಟಿದ್ದಾಳೆ, ಅಲ್ಲಿ ಕೂರುವವಳು ನಾನು ಎಂಬ ಕಾರಣಕ್ಕೆ.

ಅಳಿಯಂದಿರು ಕತ್ತರಿಸಿದ ಮೊದಲ ಸಿನಿಮಾ ಒಂದು ಸಂಸಾರದ ಕಥೆ, ಅಣ್ಣ ತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವುದು. ಬಹಳ ಉದ್ದವಾಗಿತ್ತು. ಎಲ್ಲಿ ಕೈ ಹಾಕುವುದೆಂದು ತಿಳಿಯದೆ ಅವರು ನನ್ನನ್ನು ಕರೆದು ಕೂರಿಸಿದರು. ಸೊಸೆಯರಿಬ್ಬರು ಜಗಳಕ್ಕೆ ನಿಂತದ್ದೇ ನನ್ನ ಕಣ್ಣು ಮುಚ್ಚಿತು. ಜಗಳ ಮುಗಿದು, ದೊಡ್ಡ ಸೊಸೆ ಒಬ್ಬಳೇ ಪಾತ್ರೆ ಜೋಡಿಸುತ್ತಿದ್ದಾಗ ಎಚ್ಚರವಾಯಿತು. ಮತ್ತೆ ಹಾಡು ಬಂತು, ಮತ್ತೆ ನಿದ್ದೆ. ಅಳಿಯಂದಿರು ನಾನು ತೂಕಡಿಸಿದ ಕಡೆಯೆಲ್ಲ ಕಂಪ್ಯೂಟರಿನಲ್ಲಿ ಕೆಂಪು ಗುರುತು ಹಾಕಿಕೊಂಡರು. ಆಮೇಲೆ ಆ ಕೆಂಪನ್ನೆಲ್ಲ ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ತೆಗೆದುಬಿಟ್ಟರು. ಸಿನಿಮಾ ಓಡಿತು. ಇದರಲ್ಲಿ ಮೌನವೇ ಮಾತಾಡುತ್ತದೆ ಎಂದು ಪತ್ರಿಕೆಯವರು ಬರೆದರು. ಅಲ್ಲಿಂದ ಮುಂದೆ ನನ್ನನ್ನು ಕೂರಿಸದೆ ಒಂದು ಸಿನಿಮಾವೂ ಆ ಕೋಣೆಯಿಂದ ಹೊರಗೆ ಹೋಗಿಲ್ಲ. ಕೂರಿ ಅನ್ನುತ್ತಿದ್ದರು, ಕೂರುತ್ತಿದ್ದೆ. ನಿದ್ದೆ ಬಂದರೆ ತಡೆಯಬೇಡಿ ಅನ್ನುತ್ತಿದ್ದರು. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೀಗಿರುವಾಗ ಟೋಪಿ ಒಂದು ದೊಡ್ಡ ಸಿನಿಮಾ ಹಿಡಿದುಕೊಂಡು ಬಂದ.

ಟೋಪಿ ಎಂದರೆ ಅಳಿಯಂದಿರ ಹಳೆಯ ಗೆಳೆಯ, ನಿರ್ದೇಶಕ. ಊಟಕ್ಕೆ ಕೂತರೂ ಟೋಪಿ ತೆಗೆಯುವವನಲ್ಲ. ಒಳಗೆ ಕೂದಲಿದೆಯೋ ಬೋಳಿದೆಯೋ ನಾವ್ಯಾರೂ ಕಂಡಿಲ್ಲ. ಓದುವ ಕಾಲದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದವರು. ಆಗ ಅವರ ಹತ್ತಿರ ಮಕ್ಕಳು ಓದುವ ಒಂದು ಚಿತ್ರಪುಸ್ತಕ ಇತ್ತಂತೆ. ಕೊನೆಯ ಹಾಳೆ ಹರಿದುಹೋಗಿದ್ದರಿಂದ ಕಥೆಯ ಕೊನೆಯನ್ನು ಇಬ್ಬರೂ ದಿನಕ್ಕೊಂದು ಥರ ಕಟ್ಟಿಕೊಂಡು ಮಲಗುತ್ತಿದ್ದರಂತೆ. ಆ ಪುಸ್ತಕದ ವೀರನೇ ಹಗುರಣ್ಣ. ಹಗಲೆಲ್ಲ ಲಿಫ್ಟ್ ರಿಪೇರಿ ಮಾಡುವವನು. ಒಂದು ದಿನ ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಸಿಕ್ಕಿಕೊಂಡು, ಕರೆಂಟು ಹೊಡೆದು, ಮುಟ್ಟಿದ್ದೆಲ್ಲ ಹತ್ತಿಯಷ್ಟು ಹಗುರವಾಗುವ ಶಕ್ತಿ ಅವನ ಕೈಗೆ ಬರುತ್ತದೆ. ಅವನಿಗೊಬ್ಬ ವೈರಿ, ಅವನು ಮುಟ್ಟಿದ್ದೆಲ್ಲ ಭಾರವಾಗುತ್ತದೆ. ಅವನಿಗೆ ಏನೋ ಉದ್ದದ ಹೆಸರಿತ್ತು, ನಾನು ಭಾರಪ್ಪ ಎಂದೇ ಕರೆದೆ. ಕೊನೆಕೊನೆಗೆ ಮನೆಯಲ್ಲಿ ಎಲ್ಲರೂ ಹಾಗೇ ಕರೆದರು.

ಹಣ ಹಾಕಿದವರು ಅರ್ಧ ನೋಡಿ ಮುಖ ಹುಳ್ಳಗೆ ಮಾಡಿದ್ದರು. ಉದ್ದವಾಯಿತು, ಎಳೀತದೆ, ಬರುವ ವಾರದೊಳಗೆ ಸರಿಮಾಡದಿದ್ದರೆ ತಮ್ಮ ಕಡೆಯ ಬೇರೆ ಸಂಕಲನಕಾರನಿಗೆ ಕೊಡುತ್ತೇವೆ ಎಂದಿದ್ದರು. ಹಾಗೆ ಕೊಟ್ಟರೆ ಸಿನಿಮಾದಲ್ಲಿ ಅಳಿಯಂದಿರ ಹೆಸರೂ ಇರುವುದಿಲ್ಲ. ಸಣ್ಣ ಸಣ್ಣ ಸಿನಿಮಾ ಮಾಡಿಕೊಂಡು ಬಂದವರಿಗೆ ಇದು ಮೊದಲ ದೊಡ್ಡದು. ಅದೂ ತಾವು ಮಲಗಿ ಕನಸು ಕಂಡ ಹಗುರಣ್ಣನದು. ತಟ್ಟೆಯ ಮುಂದೆ ಕೂತವರು ಬೆರಳಲ್ಲಿ ಏನೇನೋ ಗೆರೆ ಎಳೆಯುತ್ತಾ ಕೂರುತ್ತಿದ್ದರು. ಮಗಳು ನೋಡುವಷ್ಟು ನೋಡಿ, “ರೀ, ಅನ್ನವನ್ನೂ ಎಡಿಟ್ ಮಾಡ್ತಿದ್ದೀರಾ?” ಎಂದಳು.

ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ನ್ಯಾಯಪೀಠದಲ್ಲಿ ಕೂರಿಸಿದರು. ಪರದೆ ಎಳೆದರು. ಡೋಲು, ಕಹಳೆ, ಗುಡುಗು ಎಲ್ಲ ಒಟ್ಟಿಗೆ ಶುರುವಾಯಿತು. ಸೋಫಾದ ಸ್ಪ್ರಿಂಗೂ ಅದುರಿತು. ಹೆಸರುಗಳು ಇನ್ನೂ ಮುಗಿದಿರಲಿಲ್ಲ, ನಾನು ನಿದ್ದೆಗೆ ಹೋದೆ.

ಒಂದು ಸಲ ಎಚ್ಚರವಾದಾಗ ಹಗುರಣ್ಣ ಮೆಟ್ಟಿಲ ಮೇಲೆ ಕೂತು ತಾಯಿಯ ಚಪ್ಪಲಿಯ ಪಟ್ಟಿ ಸರಿಮಾಡುತ್ತಿದ್ದ. ತಾಯಿ ಮಾತಾಡದೆ ಅವನ ತಲೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಇನ್ನೊಂದು ಸಲ ಎಚ್ಚರವಾದಾಗ ಅವನು ಒಬ್ಬನೇ ಚಹಾದ ಲೋಟ ಹಿಡಿದಿದ್ದ. ಲೋಟ ಹಗುರವಾಗಿ ಕೈಯಿಂದ ತೇಲಿ ಹೋಗುತ್ತಿತ್ತು, ಅವನು ಮತ್ತೆ ಮತ್ತೆ ಹಿಡಿದುಕೊಳ್ಳುತ್ತಿದ್ದ. ಮೂರನೆಯದು ಕೊನೆಯಲ್ಲಿ, ಬೀದಿಯೆಲ್ಲ ಪುಡಿಯಾಗಿ ಧೂಳು ಕೂರುತ್ತಿತ್ತು. ಉಳಿದದ್ದು ನನಗೆ ಗೊತ್ತಿಲ್ಲ.

ದೀಪ ಹಾಕಿದಾಗ ಅಳಿಯಂದಿರ ಕಂಪ್ಯೂಟರಿನಲ್ಲಿ ಈ ತುದಿಯಿಂದ ಆ ತುದಿವರೆಗೆ ಕೆಂಪೋ ಕೆಂಪು. ಅವರು ಕುರ್ಚಿ ತಿರುಗಿಸಿ ನನ್ನನ್ನು ನೋಡಿದರು. ಪರೀಕ್ಷೆಯಲ್ಲಿ ಫೇಲಾದ ಹುಡುಗನ ಮುಖ.

“ಅತ್ತೆ, ಪೂರ್ತಿ ಮಲಗಿಬಿಟ್ರಲ್ಲ.”

“ಒಳ್ಳೇ ನಿದ್ದೆ ಅಳಿಯಂದ್ರೇ,” ಎಂದೆ. ನಿಜ ಹೇಳಿದೆ, ಅಷ್ಟು ಒಳ್ಳೆಯ ನಿದ್ದೆ ಬಂದು ಬಹಳ ದಿನವಾಗಿತ್ತು.

ಅವರು ಇನ್ನೇನೂ ಕೇಳಲಿಲ್ಲ. ಎರಡು ದಿನ ಕೋಣೆಯಿಂದ ಹೊರಗೆ ಬರದೆ ಕತ್ತರಿಸಿದರು. ಚಹಾ ತೆಗೆದುಕೊಂಡು ಹೋದರೆ ಬಾಗಿಲು ಇಷ್ಟೇ ತೆರೆದು ಕೈ ಮಾತ್ರ ಚಾಚುತ್ತಿದ್ದರು. ಕತ್ತರಿಸಿ ಮುಗಿಸಿ ಟೋಪಿಯನ್ನು ಕರೆದರು. ನಾನು ಲೋಟ ತೆಗೆಯಲು ಹೋದವಳು ಅಲ್ಲೇ ಬಾಗಿಲ ಬಳಿ ನಿಂತೆ. ಮುದುಕರು ಬಾಗಿಲ ಬಳಿ ನಿಂತರೆ ಯಾರಿಗೂ ಅಡ್ಡಿಯಿಲ್ಲ.

ಸಿನಿಮಾ ಬೇಗ ಮುಗಿಯಿತು. ಹಗುರಣ್ಣ ಚಪ್ಪಲಿ ಸರಿಮಾಡಿದ, ಚಹಾ ಕುಡಿದ, ಧೂಳಿನಲ್ಲಿ ನಡೆದುಹೋದ. ಟೋಪಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಮೆಲ್ಲಗೆ, “ಲೋ, ನನ್ನ ಹೀರೋ ಎಲ್ಲೋ?” ಎಂದ.

ಇದಾನಲ್ಲ ಎಂದರು ಅಳಿಯಂದಿರು.

“ಇವನು ಹೀರೋ ಅಲ್ಲ ಕಣೋ, ಪೆನ್ಷನ್ ಬಂದಿರೋ ಮೇಷ್ಟ್ರು. ಚಹಾ ಕುಡಿದ, ಎದ್ದು ಹೋದ, ಊರು ಉಳೀತು. ಯಾರಿಂದ ಉಳೀತು? ಬಸ್ಸು ಎತ್ತೋದೆಲ್ಲಿ? ಹಾರೋದೆಲ್ಲಿ? ಭಾರಪ್ಪ ಎಲ್ಲಿ?”

ಭಾರಪ್ಪ ಬಂದಾಗೆಲ್ಲ ಅತ್ತೆ ಮಲಗಿದ್ದರು ಎಂದು ಅಳಿಯಂದಿರು ಹೇಳಿದರು. ಟೋಪಿ ತಿರುಗಿ ನನ್ನನ್ನು ನೋಡಿದ. ಸಿಟ್ಟಿನಲ್ಲಿ ಟೋಪಿ ತೆಗೆಯಲು ಕೈ ಎತ್ತಿದ. ಈಗಲಾದರೂ ಒಳಗಿರುವುದು ಕಾಣುತ್ತದೆ ಎಂದುಕೊಂಡೆ. ಆದರೆ ಅವನು ಅದನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡ. ತಾನಾಗಿ ಹಣ ಹಾಕಿದವರಿಗೆ ಏನೂ ಹೇಳುವುದಿಲ್ಲ, ಆದರೆ ಅವರು ಇದನ್ನು ನೋಡಿದ ಗಳಿಗೆಯೇ ಸಿನಿಮಾ ಕೈಬಿಟ್ಟು ಹೋಗುತ್ತದೆ, ಬೇಕಾದರೆ ಅವರು ಬರುವುದರೊಳಗೆ ಇನ್ನೊಮ್ಮೆ ಕೂತು ನೋಡು ಎಂದು ಹೇಳಿ ಮೆಟ್ಟಿಲಿಳಿದ. ಮೆಟ್ಟಿಲಿಳಿಯುವ ಸದ್ದು ಭಾರಪ್ಪನದೇ.

ಸಂಜೆ ಮಗಳು ಕೆಲಸದಿಂದ ಬಂದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ನಡೆದದ್ದನ್ನು ಗಂಡನ ಬಾಯಿಂದ ಕೇಳಿ ಮೊದಲು ಅಯ್ಯೋ ಎಂದಳು, ಆಮೇಲೆ ತಡೆದು ತಡೆದು ನಕ್ಕಳು, ಕೊನೆಗೆ ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೇ ಕೂತುಬಿಟ್ಟಳು.

“ಅಮ್ಮ ಮಲಗಿದಳು ಅಂತ ಹೊಡೆದಾಟ ಎಲ್ಲ ತೆಗೆದ್ರಾ? ರೀ, ಎದ್ದ ಮೇಲೆ ಅಮ್ಮನ್ನ ಕೇಳ್ತೀರಿ ಅಂದ್ಕೊಂಡಿದ್ದೆ. ಅವಳು ಮಲಗೋದು ಬೇಜಾರಿಗಲ್ಲ. ಸದ್ದಿಗೆ.”

ನಾನು ನೂಲಿನ ಗಿರಣಿಯಲ್ಲಿ ಕೂದಲು ನರೆಯುವವರೆಗೂ ಇದ್ದವಳು. ಸಾಲು ಸಾಲು ಯಂತ್ರ. ಒಳಗೆ ಕಾಲಿಟ್ಟರೆ ಪಕ್ಕದವಳ ಮಾತನ್ನು ತುಟಿ ನೋಡಿಯೇ ತಿಳಿಯಬೇಕು. ಊಟದ ಬಿಡುವಿನಲ್ಲಿ ಹತ್ತಿಮೂಟೆಗೆ ಒರಗಿ ಒಂದು ಕೋಳಿನಿದ್ದೆ ತೆಗೆಯುತ್ತಿದ್ದೆವು. ಯಂತ್ರ ಓಡುತ್ತಿದ್ದರೆ ಎಲ್ಲ ಕ್ಷೇಮ. ನಿಂತರೆ ಎಲ್ಲೋ ಎಳೆ ಕಡಿದಿದೆ, ಮೇಸ್ತ್ರಿ ಬರುತ್ತಾನೆ. ಆದ್ದರಿಂದ ಸದ್ದಿಗೆ ನಿದ್ದೆ, ಸದ್ದು ನಿಂತರೆ ಎಚ್ಚರ. ನಮ್ಮ ಸಾಲಿನ ಹೆಂಗಸರೆಲ್ಲ ಹಾಗೇ. ಗಿರಣಿ ಬಿಟ್ಟು ಈ ಮನೆಗೆ ಬಂದ ಹೊಸದರಲ್ಲಿ ರಾತ್ರಿಯ ನಿಶ್ಶಬ್ದಕ್ಕೆ ನನಗೆ ಕಣ್ಣೇ ಮುಚ್ಚುತ್ತಿರಲಿಲ್ಲ. ಮಗಳು ಬಟ್ಟೆ ಒಗೆಯುವ ಯಂತ್ರವನ್ನು ಖಾಲಿಯೇ ತಿರುಗಿಸಿ ನನ್ನನ್ನು ಮಲಗಿಸುತ್ತಿದ್ದಳು. ಅದು ಮದುವೆಗೆ ಮುಂಚಿನ ಮಾತು, ಅಳಿಯಂದಿರಿಗೆ ಹೇಗೆ ಗೊತ್ತಾಗಬೇಕು?

ಅಳಿಯಂದಿರು ಬಾಯಿ ತೆರೆದು ಕೂತಿದ್ದರು. ಹಾಗಾದರೆ ಇಷ್ಟು ದಿನದ ಸಿನಿಮಾಗಳು ಎಂದು ತೊದಲಿದರು.

“ಕಾಗೆ ಕೂರೋಕೂ ಕೊಂಬೆ ಮುರಿಯೋಕೂ ಸರಿಹೋಯ್ತು,” ಎಂದಳು ಮಗಳು. “ಜಗಳ, ಹಾಡು ಬಂದ್ರೆ ಅಮ್ಮ ಮಲಗ್ತಿದ್ದಳು. ಆ ಸಿನಿಮಾಗಳಲ್ಲಿ ಜಗಳ, ಹಾಡೇ ಜಾಸ್ತಿಯಾಗಿತ್ತು. ನಮ್ಮ ಅಂಗಡಿಗೂ ಜನ ಬರ್ತಾರೆ. ಗೋಡೆ ಮೇಲಿನ ಅಕ್ಷರ ಒಂದೂ ಹೇಳಲ್ಲ ಅಂದ ತಕ್ಷಣ ಕಣ್ಣು ಹೋಗಿದೆ ಅಂತಲ್ಲ. ಕೆಲವರಿಗೆ ಓದೋಕೇ ಬರಲ್ಲ. ಕೇಳಬೇಕು.”

ಅಳಿಯಂದಿರು ನನ್ನ ಕಡೆ ತಿರುಗಿ, ಇದನ್ನು ನೀವಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಕೂರಿ ಎಂದಿರಿ ಕೂತೆ, ಸಿನಿಮಾ ಹೇಗಿದೆ ಎಂದು ಎಂದೂ ಕೇಳಲಿಲ್ಲವಲ್ಲ ಎಂದೆ. ಅವರಿಗೆ ನಗು ಬಂತು. ಆ ವಾರದಲ್ಲಿ ಮೊದಲ ಸಲ ಅವರು ನಕ್ಕದ್ದು ನೋಡಿ ನನ್ನ ಜೀವಕ್ಕೂ ಹಿತವಾಯಿತು.

ಮಾರನೆಯ ಬೆಳಿಗ್ಗೆ ಅವರೇ ನನ್ನ ಕೋಣೆಗೆ ಬಂದು ಕರೆದರು. ಕತ್ತರಿಸಿದ್ದನ್ನೆಲ್ಲ ಮತ್ತೆ ಸೇರಿಸಿದ್ದರು. ಈ ಸಲ ಸ್ಪೀಕರಿನ ಸದ್ದು ಪೂರ್ತಿ ಆರಿಸಿದರು. “ಈಗ ಕೇಳ್ತೀನಿ ಅತ್ತೆ. ಏನು ಕಾಣುತ್ತೋ ಅದನ್ನೇ ಹೇಳಿ,” ಎಂದು ಪಕ್ಕದಲ್ಲೇ ಕೂತರು. ನಿದ್ದೆ ಹತ್ತಿರಕ್ಕೂ ಸುಳಿಯಲಿಲ್ಲ.

ಸದ್ದಿಲ್ಲದೆ ನೋಡಿದರೆ ಸಿನಿಮಾ ಬೇರೆಯೇ. ಹೊಡೆದಾಟ ಬಂತು. ಇಬ್ಬರೂ ಕಪ್ಪು ಬಟ್ಟೆ, ಕತ್ತಲೆ ಬೀದಿ, ಕಣ್ಣು ಮಿಟುಕಿಸಿದರೆ ಇನ್ನೊಂದು ಚಿತ್ರ. ಕೈ ಬಂತು, ಕಾಲು ಬಂತು, ಗೋಡೆ ಬಿತ್ತು. ಯಾರು ಯಾರಿಗೆ ಹೊಡೆದರೋ ತಿಳಿಯಲಿಲ್ಲ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಿದೆ ಎಂದೆ. ಭಾರಪ್ಪನನ್ನು ತೋರಿಸಿ, ಇವನು ಹಗುರಣ್ಣನ ಅಣ್ಣನಲ್ಲವೇ ಎಂದು ಕೇಳಿದೆ. ಹೆಸರು ಕೇಳಿದ್ದೆನೇ ಹೊರತು, ಅವನೇ ಭಾರಪ್ಪ ಎಂದು ನೋಡಿ ತಿಳಿಯಲಿಲ್ಲ. ಅಳಿಯಂದಿರು ಜೋರಾಗಿ ನಗಲು ಹೊರಟವರು ನಡುವೆ ನಿಂತು, ಇಬ್ಬರ ಉಡುಪನ್ನೂ ಒಂದೇ ಪರದೆಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದರು. ಹಗುರಣ್ಣನ ಎದೆಗೂ ಕಬ್ಬಿಣದಂಥ ತಗಡು, ಹೆಗಲಿಗೂ ತಗಡು. ಮೂಗಿಗಿಂತ ಮೂಗುತಿ ಭಾರ. ಉಡುಪು ಈಗ ಬದಲಿಸಲಾಗದು, ಆದರೆ ಅವನು ಲಿಫ್ಟ್ ರಿಪೇರಿಯ ನೀಲಿ ಅಂಗಿಯಲ್ಲೇ ಹೊಡೆದಾಡುವ ಭಾಗವೊಂದಿದೆ, ಅದನ್ನು ಮುಂದಕ್ಕೆ ತರಬಹುದು ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಆಮೇಲೆ ಬಸ್ಸು. ಅದೇ ಸಿನಿಮಾದ ದೊಡ್ಡ ಜಾಗವಂತೆ. ಭಾರಪ್ಪ ಮುಟ್ಟಿದ ಬಸ್ಸು ರಸ್ತೆಯೊಳಗೆ ಹೂತುಹೋಗುತ್ತಿದೆ, ಒಳಗೆ ಜನ. ಹಗುರಣ್ಣ ಅದೇ ನೀಲಿ ಅಂಗಿಯಲ್ಲಿ ಹಾರಿ ಬಂದು ಒಂದು ಕೈ ಇಟ್ಟ, ಬಸ್ಸು ಎದ್ದಿತು. ಅಳಿಯಂದಿರು ನಿಲ್ಲಿಸಿ ನನ್ನ ಮುಖ ನೋಡಿದರು.

ನನಗೆ ಏನೂ ಅನ್ನಿಸಿರಲಿಲ್ಲ, ಹಾಗೇ ಹೇಳಿದೆ. ಯಾಕೆ ಎಂದರು. ಅದನ್ನು ಹೇಳುವುದು ನನಗೆ ಸುಲಭವಾಗಲಿಲ್ಲ. ಗಿರಣಿಯ ಅಂಗಳದಲ್ಲಿ ಒಮ್ಮೊಮ್ಮೆ ಬಿಳಿ ಬಟ್ಟೆ ಕಟ್ಟಿ ಸಿನಿಮಾ ತೋರಿಸುತ್ತಿದ್ದದ್ದು ನೆನಪಾಯಿತು. ಮುಂದುಗಡೆ ಜಾಗ ಸಾಲದೆ ನಾವೆಲ್ಲ ಬಟ್ಟೆಯ ಹಿಂದೆ ಕೂರುತ್ತಿದ್ದೆವು. ನಾವು ಕಂಡ ನಾಯಕರೆಲ್ಲ ಎಡಚರು. ಅದರಲ್ಲೊಬ್ಬ ಪೈಲ್ವಾನ ಕಲ್ಲು ಎತ್ತುವುದಿತ್ತು. ಮೊದಲು ಬಂದವನು ಎತ್ತಲಾರದೆ ಕುಸಿದ, ಎರಡನೆಯವನ ಕತ್ತಿನ ನರ ಉಬ್ಬಿತು, ಕಲ್ಲು ಅಲ್ಲಾಡಲಿಲ್ಲ. ಪೈಲ್ವಾನ ಎತ್ತುವ ಹೊತ್ತಿಗೆ ಬಟ್ಟೆಯ ಹಿಂದೆ ಕೂತ ನಮ್ಮ ಸೊಂಟವೇ ಹಿಡಿದುಕೊಂಡಿತ್ತು. ಹಾಗೊಂದು ಕಲ್ಲಿತ್ತು ಅಳಿಯಂದ್ರೇ, ಈ ಬಸ್ಸು ಕಾಗದದ್ದೋ ಕಬ್ಬಿಣದ್ದೋ ನನಗೆ ಗೊತ್ತಾಗಲಿಲ್ಲ ಎಂದೆ.

ಅಳಿಯಂದಿರು ಕುರ್ಚಿಯಿಂದ ಎದ್ದರು. ಬೀದಿಯ ಜನ, ಡ್ರೈವರು, ಹೂ ಮಾರುವವಳು ಎಲ್ಲ ಸೇರಿ ಬಸ್ಸನ್ನು ಎತ್ತಲು ಹೆಣಗುವುದನ್ನು ಟೋಪಿ ಚಿತ್ರೀಕರಿಸಿದ್ದನಂತೆ. ಅದರಲ್ಲಿ ಹೀರೋ ಇಲ್ಲವೆಂದು ಇಬ್ಬರೂ ಸೇರಿ ಮೊದಲ ದಿನವೇ ತೆಗೆದು ಒಂದು ಮೂಲೆಗೆ ಹಾಕಿದ್ದರಂತೆ. ಹುಡುಕಿ ತೋರಿಸಿದರು. ಡ್ರೈವರನ ಚಪ್ಪಲಿ ಜಾರುತ್ತಿತ್ತು, ಒಬ್ಬನ ಅಂಗಿ ಬೆನ್ನಲ್ಲಿ ಹರಿಯಿತು, ಕಿಟಕಿಯೊಳಗಿನ ಮಗುವಿನ ಮುಖ ಒಂದು ಬೆರಳಷ್ಟು ಕೆಳಗಿಳಿಯಿತು. ನಾನು ಗೊತ್ತಿಲ್ಲದೆ ಸೋಫಾದ ಕೈ ಹಿಡಿದುಕೊಂಡಿದ್ದೆ. ಸ್ಪ್ರಿಂಗು ನರಳಿತು.

ನಾನು ಹೇಳಿದ್ದನ್ನೆಲ್ಲ ಅವರು ಕೇಳಲಿಲ್ಲ, ಕೇಳದಿದ್ದದ್ದೇ ಒಳ್ಳೆಯದಾಯಿತು. ಹಾರುವುದನ್ನು ಪೂರ್ತಿ ತೆಗೆದುಹಾಕಿ, ಲಿಫ್ಟಿನವನಿಗೆ ಹಾರುವ ಕೆಲಸ ಏಕೆ ಎಂದಿದ್ದೆ. “ಅದಂತೂ ಆಗಲ್ಲ ಅತ್ತೆ, ಅದಕ್ಕೇ ಮಕ್ಕಳು ಬರೋದು,” ಎಂದು ಅದನ್ನು ಹಾಗೇ ಉಳಿಸಿಕೊಂಡರು. ಆಮೇಲೆ ಚಿತ್ರಮಂದಿರದಲ್ಲಿ ಮಕ್ಕಳು ಕುರ್ಚಿ ಮೇಲೆ ನಿಂತದ್ದು ಆ ಹಾರಾಟಕ್ಕೇ ಅಂತೆ. ನಾನು ನೋಡಲಿಲ್ಲ, ಯಾಕೆ ಎಂದು ಹೇಳಬೇಕಾಗಿಲ್ಲ.

ಹೊಡೆದಾಟಗಳನ್ನು ಅವರು ಕಣ್ಣಿಗೆ ದಾರಿ ಸಿಗುವ ಹಾಗೆ ಕಡಿಮೆ ತುಂಡು ಮಾಡಿ ಜೋಡಿಸಿದರು. ಮೆಟ್ಟಿಲು, ಚಪ್ಪಲಿ, ಚಹಾ ಹಾಗೇ ಇದ್ದವು. ಆಮೇಲೆ ಅವರಿಗೆ ಇನ್ನೊಂದು ಹೊಳೆಯಿತು. ಅದೇನೆಂದು ನನಗೆ ಹೇಳಲಿಲ್ಲ.

ಹಣ ಹಾಕಿದವರು ಬರುವ ಹಿಂದಿನ ದಿನ ಟೋಪಿಯನ್ನು ಕರೆಸಿದರು, ನನ್ನನ್ನೂ ಕೂರಿಸಿದರು. ಟೋಪಿ ನನ್ನ ಪಕ್ಕದಲ್ಲಿ ಕೂತು, ಅತ್ತೆ ಈ ಸಲ ಕಾಫಿ ಕುಡಿದು ಬಂದಿದ್ದೀರಾ ಎಂದು ಕೇಳಿದ. ಕುಡಿದಿದ್ದೇನೆ, ಆದರೆ ಅದರಿಂದ ಏನೂ ಆಗುವುದಿಲ್ಲ ಎಂದೆ. ಅವನು ನಿಟ್ಟುಸಿರು ಬಿಟ್ಟ. ಡೋಲು ಶುರುವಾಯಿತು, ಕಹಳೆ ಶುರುವಾಯಿತು. ಈ ಸಲ ಸ್ಪೀಕರಿನಲ್ಲಿ ಸದ್ದು ಇನ್ನೂ ಜಾಸ್ತಿ. ನಾನು ಹೋದೆ.

ನಿದ್ದೆಯಲ್ಲಿ ಗಿರಣಿ. ಯಂತ್ರಗಳೆಲ್ಲ ಓಡುತ್ತಿವೆ, ಹತ್ತಿಯ ಪುಡಿ ಹಾರುತ್ತಿದೆ. ಇದ್ದಕ್ಕಿದ್ದ ಹಾಗೆ ಎಲ್ಲವೂ ನಿಂತಿತು. ಒಂದು ಸದ್ದಿಲ್ಲ, ಒಂದು ಉಸಿರಿಲ್ಲ. ನಾನು ದಡಕ್ಕನೆ ಎದ್ದು ನಿಂತು, “ಎಲ್ಲಿ, ಎಲ್ಲಿ ಎಳೆ ಕಡೀತು?” ಎಂದೆ.

ಎದುರಿಗೆ ಹಗುರಣ್ಣ. ನೀಲಿ ಅಂಗಿ. ಅವನ ಅಂಗೈ ಆಗಷ್ಟೇ ಬಸ್ಸನ್ನು ಮುಟ್ಟಿತ್ತು. ಕೂಗು, ಡೋಲು, ಗುಡುಗು ಎಲ್ಲವನ್ನೂ ಅಳಿಯಂದಿರು ಆ ಬೆರಳ ತುದಿಯಲ್ಲಿ ಕತ್ತರಿಸಿಬಿಟ್ಟಿದ್ದರು. ಬೆವರಿದ ಜನರ ನಡುವಿನಿಂದ ಬಸ್ಸು ಸದ್ದೇ ಇಲ್ಲದೆ ಎದ್ದಿತು, ನೀರಿನಿಂದ ಮೇಲೇಳುವ ಹಾಗೆ. ಡ್ರೈವರು ಇನ್ನೂ ಅದನ್ನು ನೂಕುತ್ತಲೇ ಇದ್ದ. ಹಗುರವಾದದ್ದು ಅವನಿಗೆ ತಿಳಿದಿರಲಿಲ್ಲ. ಆಮೇಲೆ ತಿಳಿಯಿತು. ತನ್ನ ಕೈ ನೋಡಿಕೊಂಡ.

ನಾನು ನಿಂತೇ ನೋಡಿದೆ. ಸದ್ದು ಮೆಲ್ಲಗೆ ಮರಳಿತು, ಮೊದಲು ಒಂದು ಮಗುವಿನ ನಗು. ಪಕ್ಕದಲ್ಲಿ ಟೋಪಿಯೂ ಎದ್ದು ನಿಂತಿದ್ದ. ಅವನು ನೋಡುತ್ತಿದ್ದದ್ದು ಪರದೆಯನ್ನಲ್ಲ, ನನ್ನನ್ನು. ತಲೆಯ ಟೋಪಿ ಅವನ ಕೈಯಲ್ಲಿತ್ತು. ಒಳಗೆ ಕೂದಲಿತ್ತು, ಎಲ್ಲ ಬೆಳ್ಳಗೆ.

“ಎಬ್ಬಿಸಿದೆ ಕಣೋ,” ಎಂದ ಗೆಳೆಯನಿಗೆ. “ಅತ್ತೇನೇ ಎಬ್ಬಿಸಿಬಿಟ್ಟೆ.”

ಹಣ ಹಾಕಿದವರು ಮಾರನೆಯ ದಿನ ಬಂದು ನೋಡಿದರು. ನನ್ನನ್ನು ಕರೆಯಲಿಲ್ಲ; ದೊಡ್ಡವರ ಮುಂದೆ ಗೊರಕೆ ಬೇಡ ಎಂದು ಮಗಳೇ ಕೆಳಗೆ ಕೂರಿಸಿಕೊಂಡಿದ್ದಳು. ಮೇಲಿನಿಂದ ಸದ್ದು ಬರುತ್ತಿತ್ತು, ನಿಂತಿತು. ನಾವಿಬ್ಬರೂ ತಲೆ ಎತ್ತಿ ಛಾವಣಿ ನೋಡಿದೆವು. ಮತ್ತೆ ಸದ್ದು ಬಂದಾಗ ಅದರ ಜೊತೆ ಯಾರೋ ಚಪ್ಪಾಳೆ ತಟ್ಟಿದ್ದೂ ಕೇಳಿಸಿತು. ಹೋಗುವಾಗ ಅವರಲ್ಲೊಬ್ಬರು ಮೆಟ್ಟಿಲ ಬಳಿ ನಿಂತು, ಬೇರೆಯವರಿಗೆ ಕೊಡುವ ಮಾತು ಬಿಟ್ಟುಬಿಡಿ ಎಂದು ಅಳಿಯಂದಿರ ಬೆನ್ನು ತಟ್ಟಿದರು. ಮಗಳು ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡು ಬಂದು, ಈರುಳ್ಳಿ ಎಂದಳು. ಅಲ್ಲಿ ಈರುಳ್ಳಿ ಹೆಚ್ಚಿರಲೇ ಇಲ್ಲ.

ಮೊದಲ ದಿನದ ಆಟಕ್ಕೆ ಮನೆಯವರೆಲ್ಲ ಹೋದೆವು. ನಾನು ಮೊದಲ ಡೋಲಿಗೇ ಮಲಗಿದೆ, ಬಸ್ಸಿಗೆ ಎದ್ದೆ. ಎದ್ದು ನೋಡಿದರೆ ಅಷ್ಟು ದೊಡ್ಡ ಚಿತ್ರಮಂದಿರದಲ್ಲಿ ಒಬ್ಬರಾದರೂ ಉಸಿರಾಡುತ್ತಿದ್ದಾರೋ ಇಲ್ಲವೋ ಅನ್ನಿಸಿತು. ಬೋಂಡಾದ ಹಾಗೆ ಉಬ್ಬಿದ ಕೆನ್ನೆಯ ಒಬ್ಬ ಹುಡುಗ ಅಗಿಯುವುದನ್ನೂ ಬಿಟ್ಟಿದ್ದ. ಅಷ್ಟು ನೋಡಿಕೊಂಡು ಮತ್ತೆ ಮಲಗಿದೆ.

ಆಮೇಲೆ ಇನ್ನೊಂದು ಸಲ ಎಲ್ಲ ನಿಂತಿತು. ನಾನು ಎದ್ದು ಕೂತೆ. ಸಿನಿಮಾ ಮುಗಿದಿತ್ತು, ಜನ ಏಳುತ್ತಿದ್ದರು. ಕಪ್ಪು ಪರದೆಯ ಮೇಲೆ ಒಂದೇ ಒಂದು ಹೆಸರು, ಸದ್ದಿಲ್ಲದೆ ನಿಂತಿತ್ತು. ನನಗೆ ಅಕ್ಷರ ಕೂಡಿಸಿ ಓದಲು ಹೊತ್ತು ಬೇಕು. ಮೊದಲ ಅಕ್ಷರ, ಎರಡನೆಯದು, ಅಳಿಯಂದಿರ ಹೆಸರು. ಓದಿ ಮುಗಿಸುವಷ್ಟರಲ್ಲಿ ಡೋಲು ಮತ್ತೆ ಹೊಡೆಯಿತು, ಉಳಿದವರ ಹೆಸರುಗಳು ದಡದಡನೆ ಮೇಲೆ ಓಡಿದವು.

ಅಲ್ಲಿ ಸದ್ದು ಹೋಯಿತಲ್ಲ, ಯಂತ್ರ ಕೆಟ್ಟಿದೆಯೇ ನೋಡಿ ಎಂದು ಟೋಪಿ ಆಚೆ ಬಾಗಿಲ ಹತ್ತಿರ ಯಾರನ್ನೋ ಕೇಳುತ್ತಿದ್ದ. ಅಳಿಯಂದಿರು ನನ್ನ ಕಡೆ ಬಗ್ಗಿ ನೋಡಿದರು.

“ಎಚ್ಚರವಾಯ್ತಾ ಅತ್ತೆ?”

“ಆಯ್ತು,” ಎಂದೆ. “ಓದಿದೆ.”